ದೊಡ್ಡಪ್ಪ ಕೊಯ್ದ ದುರ್ಬೀನು

ಮದುವೆಯಾಗಿ ಇನ್ನೂ ನಲವತ್ತೇ ದಿನ! ಇವತ್ತು ಸೇಲಂನ ತವರಿನ ಮಹಡಿಯಲ್ಲಿ ನಾನೂ ನನ್ನ ಗಂಡನೂ ದುರ್ಬೀನು ಕಟ್ಟುತ್ತಿದ್ದೆವು. ಕೊಳವೆಯೊಳಗೆ ಕಪ್ಪು ಕಾಗದ ಅಂಟಿಸಲು ಅಮ್ಮ ಕೊಟ್ಟ ಗಂಜಿಯ ವಾಸನೆಗೆ ನನ್ನ ಹಳೆಯ ಸಿಟ್ಟೆಲ್ಲ ಎದ್ದಿತು.

ನಮ್ಮದು ನೇಕಾರರ ಮನೆ. ನೂಲಿಗೆ ಹಚ್ಚುವ ಗಂಜಿಯಿಂದಲೇ ಚಿಕ್ಕವಳಿದ್ದಾಗ ನಾನು ಮೊದಲ ದುರ್ಬೀನು ಅಂಟಿಸಿದ್ದೆ. ಸೀರೆ ಸುತ್ತುವ ರಟ್ಟಿನ ಕೊಳವೆಯ ಒಂದು ತುದಿಗೆ ಕನ್ನಡಕದಂಗಡಿಯ ಗಾಜು, ಇನ್ನೊಂದಕ್ಕೆ ದೊಡ್ಡಪ್ಪ ಬಟ್ಟೆಯ ಎಳೆ ಎಣಿಸುವ ಭೂತಗನ್ನಡಿ. ಚಂದ್ರನ ಗುಳಿಗಳು ಕಂಡವು! ಕಿರುಚಿಬಿಟ್ಟೆ.

ಕಿರುಚಾಟಕ್ಕೆ ದೊಡ್ಡಪ್ಪ ಬಂದರು. "ನನ್ ಕನ್ನಡಿ ಇಲ್ಲೈತಾ? ಎಣ್ಮಕ್ಳಿಗೆ ನಿಲಾ ಯಾತುಕ್ಕಲೇ?" ಎಂದು ಅದನ್ನು ಕಿತ್ತುಕೊಂಡರು. ನಿಲಾ ಅಂದರೆ ನಮ್ಮ ಸೇಲಂ ಕಡೆ ಚಂದ್ರ. ಕನ್ನಡಿ ಅವರದೇ, ಅಷ್ಟಕ್ಕೆ ಕ್ಷಮಿಸುತ್ತಿದ್ದೆ. ಆದರೆ ನನ್ನ ಕೊಳವೆಯನ್ನೂ ಗರಗಸದಿಂದ ಎರಡು ತುಂಡು ಮಾಡಿ, ಟವೆಲು ಸುತ್ತಲು ಒಯ್ದರು.

ಇವತ್ತು ಗಾಜು ಕೂರಿಸಿ ಮುಗಿಯುತ್ತಿದ್ದಂತೆ ಅದೇ ದೊಡ್ಡಪ್ಪ ಮೆಟ್ಟಿಲು ಹತ್ತಿ ಬಂದರು. "ನಂಗೂ ವಸಿ ತೋರ್ಸವ್ವಾ."

ಗಂಡ ಪಾಪ, ಜಾಗ ಬಿಟ್ಟುಕೊಟ್ಟ. ನಾನು ಗಾಜಿನ ಮೇಲೆ ಮುಚ್ಚಳ ಹಾಕಿದೆ.

"ನಿಲಾ ಯಾತುಕ್ಕೆ ದೊಡ್ಡಪ್ಪಾ? ಟವೆಲ್ ಸುತ್ತಕ್ಕೆ ಬೇಕಾದ್ರೆ ಅಲ್ಲೊಂದು ಕೊಳವೆ ಐತೆ, ತಗೊಂಡೋಗಿ."

ಅವರು ಮೆಟ್ಟಿಲು ಇಳಿದುಹೋದರು. ಆಮೇಲೆ ಮುಚ್ಚಳ ತೆಗೆದು ನೋಡಿದೆ. ಅಬ್ಬಾ, ಚಂದ್ರ ಎಷ್ಟು ಚೆನ್ನಾಗಿದ್ದ!