ಮೂಗಣ್ಣನ ಬಾಯಿ

ಮೂಗಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಮೂಗು ಸಂಪಾದಿಸಿಕೊಟ್ಟ ಹೆಸರು. ಸ್ವಂತ ಗ್ಯಾರೇಜ್ ಇದ್ದ ಕಾಲದಲ್ಲಿ ಕಾರು ಒಳಗೆ ಬಂದು ನಿಲ್ಲುವಷ್ಟರಲ್ಲೇ ಆತ ಅದರ ಹಿಂದೆ ಕುಕ್ಕರುಗಾಲಲ್ಲಿ ಕೂತು ಸೈಲೆನ್ಸರಿನ ಹೊಗೆ ಮೂಸುತ್ತಿದ್ದ. ಕಪ್ಪು ಹೊಗೆ ಬಂದರೆ, "ಇದು ಹೊಟ್ಟೆಬಾಕ. ಉಸಿರು ಎಳ್ಕೊಳ್ಳೋಕೂ ಪುರುಸೊತ್ತಿಲ್ಲದ ಹಾಗೆ ಪೆಟ್ರೋಲ್ ಕುಡೀತಿದೆ" ಎನ್ನುತ್ತ ಮೊದಲು ಏರ್ ಫಿಲ್ಟರ್ ಬಿಚ್ಚುತ್ತಿದ್ದ. ಬಿಳಿ ಹೊಗೆಗೆ ಅವಸರಪಡುತ್ತಿರಲಿಲ್ಲ. ಚಳಿಯ ಬೆಳಗ್ಗೆ ನಮ್ಮ ಬಾಯಿಂದಲೂ ಆವಿ ಬರುತ್ತದೆ, ಅಂಥದ್ದಾದರೆ ತಾನಾಗೇ ನಿಲ್ಲುತ್ತದೆ. ನಿಲ್ಲದೆ, ಸಿಹಿ ವಾಸನೆ ಮೂಗಿಗೆ ಅಡರಿದರೆ ಮಾತ್ರ ರೇಡಿಯೇಟರಿನ ನೀರು ಇಂಜಿನ್ನಿನ ಹೊಟ್ಟೆಗೆ ಇಳಿಯುತ್ತಿದೆ ಎಂದು ಲೆಕ್ಕ. ನೀಲಿ ಹೊಗೆ ಕಂಡರೆ ಎದ್ದು ನಿಂತುಬಿಡುತ್ತಿದ್ದ. ಡಾಕ್ಟರು ರೋಗಿಯನ್ನು ಬಿಟ್ಟು ಮನೆಯವರ ಮುಖ ನೋಡುತ್ತಾರಲ್ಲ, ಹಾಗೆ ಕಾರಿನವರ ಮುಖ ನೋಡುತ್ತಿದ್ದ. ಒಳಗೆ ಪಿಸ್ಟನ್ ರಿಂಗುಗಳು ಸವೆದಿವೆ, ಇಂಜಿನ್ ತನ್ನ ಆಯಿಲನ್ನು ತಾನೇ ಸುಟ್ಟುಕೊಳ್ಳುತ್ತಿದೆ. "ಇದು ಕೆಮ್ಮಲ್ಲ ಸಾರ್, ಕ್ಷಯ. ಇಂಜಿನ್ ಬಿಚ್ಚಲೇಬೇಕು."

ಆಮೇಲೆ ವೈರು ಚುಚ್ಚಿದರೆ ಪರದೆಯ ಮೇಲೆ ಕಾಯಿಲೆ ಬರೆದು ತೋರಿಸುವ ಯಂತ್ರಗಳು ಬಂದವು. ಅವನ್ನು ಕೊಳ್ಳುವ ಶಕ್ತಿ ಮೂಗಣ್ಣನಿಗಿರಲಿಲ್ಲ. ಗ್ಯಾರೇಜಿಗೆ ಬೀಗ ಬಿತ್ತು. ಈಗ ಆತ ಹಳೆ ಕಾರು ಮಾರುವ ಅಂಗಳವೊಂದರಲ್ಲಿ ಕೆಲಸಕ್ಕಿದ್ದಾನೆ. ಕಾರು ತೊಳೆಯುವ ಶೆಡ್ಡಿಗೆ ಅಂಟಿಕೊಂಡ ಕೋಣೆಯಲ್ಲಿ ಸಂಸಾರ. ಗೋಡೆ ಯಾವಾಗಲೂ ಒದ್ದೆ, ದಿಂಬಿಗೂ ಸೋಪಿನ ವಾಸನೆ. ಹೆಂಡತಿ ಮಾಲೀಕನ ಮನೆಯಲ್ಲಿ ಪಾತ್ರೆ ತಿಕ್ಕುತ್ತಾಳೆ. ಕೂಳು, ಸೂರು ಎರಡೂ ಒಬ್ಬನ ಮುಷ್ಟಿಯಲ್ಲಿ.

ಅಲ್ಲಿ ಅವನ ಕೆಲಸ ಏನು ಗೊತ್ತೆ? ರೋಗ ಹಿಡಿಯುವುದಲ್ಲ, ಮುಚ್ಚುವುದು. ನೀಲಿ ಹೊಗೆ ಬಿಡುವ ಇಂಜಿನ್ನಿಗೆ ಜೇನಿನಷ್ಟು ಮಂದವಾದ ಆಯಿಲ್ ಸುರಿಯಬೇಕು. ಗಿರಾಕಿ ಬರುವ ಮೊದಲೇ ಸ್ಟಾರ್ಟ್ ಮಾಡಿ, ಮೊದಲ ಹೊಗೆಯನ್ನೆಲ್ಲ ಹಿತ್ತಲ ಗೋಡೆಯ ಹಿಂದೆ ಕಕ್ಕಿಸಿ, ಇಂಜಿನ್ ಬಿಸಿ ಮಾಡಿಡಬೇಕು. ಸೈಲೆನ್ಸರಿನ ಬಾಯಿಯ ಕರಿ ಜಿಡ್ಡನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಬೇಕು. ತಣ್ಣಗಿರುವ ಇಂಜಿನ್ ಸತ್ಯ ಒದರುತ್ತದೆ. ಬಿಸಿಯಾದದ್ದು ಬಾಯಿಪಾಠ ಒಪ್ಪಿಸುತ್ತದೆ.

ನ್ಯಾಯವಂತರು ಕೇಳುತ್ತಾರೆ: ಒಲ್ಲೆ ಅನ್ನಬಾರದಿತ್ತೆ? ಅನ್ನಬಹುದಿತ್ತು. ಅಂದ ದಿನ ಗಂಡಹೆಂಡಿರು ಮಲಗಲು ನಿಮ್ಮ ಮನೆಯ ಒಂದು ಮೂಲೆ ಕೊಡುತ್ತೀರಾ? ಕೊಡುವುದಿಲ್ಲವಾದರೆ ಆ ಪ್ರಶ್ನೆಯನ್ನು ಮಾಲೀಕನಿಗೆ ಕೇಳಿ. ಅವನಿಗೆ ಯಾರೂ ಕೇಳುವುದಿಲ್ಲ. ಅವನು ಬಂದವರಿಗೆಲ್ಲ ಟೀ ತರಿಸುತ್ತಾನೆ.

ಮೂಗಣ್ಣನಿಗೆ ಒಬ್ಬಳೇ ತಂಗಿ. ಅವಳ ಗಂಡ ಕೆಲಸ ಮಾಡುತ್ತಿದ್ದ ನೂಲಿನ ಕಾರ್ಖಾನೆ ಮುಚ್ಚಿತು. ಕಾರೊಂದನ್ನು ಕೊಂಡು ಸ್ಟೇಷನ್ ಮುಂದೆ ಬಾಡಿಗೆಗೆ ನಿಲ್ಲಿಸುವುದು ಎಂದು ಇಬ್ಬರೂ ಸೇರಿ ತೀರ್ಮಾನಿಸಿದರು. ಅದಕ್ಕಾಗಿ ತಂಗಿ ತನ್ನ ಹೊಲಿಗೆ ಮಷೀನನ್ನೇ ಮಾರಿದಳು. ಅಂದರೆ ಇನ್ನು ಮನೆ ನಡೆಯುವುದಿದ್ದರೆ ಆ ಕಾರಿನ ಮೇಲೆಯೇ.

ಅವಳು ಫೋನ್ ಮಾಡಿದಾಗ ಮಾಲೀಕ ಪಕ್ಕದಲ್ಲೇ ನಿಂತಿದ್ದ.

"ಅಣ್ಣ, ನಾಳೆ ಬರ್ತೀವಿ, ಕಾರು ನೋಡೋಕೆ."

"ಇಲ್ಲೇ ಯಾಕೆ? ಬೇರೆ ಕಡೆನೂ ಒಂದ್ಸಲ ನೋಡಿ."

"ಚೆನ್ನಾಗಿದೆ ಮಾತು! ಅಣ್ಣನ್ನ ಬಿಟ್ಟು ಕಂಡೋರ ಹತ್ರ ಹೋಗಿ ಟೋಪಿ ಹಾಕಿಸ್ಕೊಳ್ಲಾ?"

ಮೂಗಣ್ಣ ಮಾಲೀಕನನ್ನು ನೋಡಿ ದನಿ ತಗ್ಗಿಸಿದ. "ಹಾಗಾದ್ರೆ ಬೆಳಗ್ಗೆನೇ ಬಾ. ತಣ್ಣಗಿದ್ದಾಗ ಬಾ."

"ಈಗೇನು ಅಂಥ ಬಿಸಿಲಿಲ್ಲ ಬಿಡೋ. ಊಟ ಮುಗಿಸ್ಕೊಂಡು ನಿಧಾನಕ್ಕೆ ಬರ್ತೀವಿ."

ಅಂಗಳದಲ್ಲಿ ಒಂದು ಬೂದು ಬಣ್ಣದ ಕಾರಿತ್ತು. ಅದು ನಿಜಕ್ಕೂ ಗಟ್ಟಿ. ಅದನ್ನೇ ತಂಗಿಗೆ ತೋರಿಸುವುದೆಂದು ಮೂಗಣ್ಣ ಅಂದುಕೊಂಡಿದ್ದ. ಮಾಲೀಕನ ಲೆಕ್ಕ ಬೇರೆಯೇ ಇತ್ತು. ಅವರು ಬಂದೊಡನೆ ಕೈಮುಗಿದು, "ಮೂಗಣ್ಣನ ತಂಗಿ ಅಂದ್ರೆ ನಮ್ಮ ತಂಗಿ ಇದ್ದ ಹಾಗೆ" ಎಂದು ನೇರವಾಗಿ ಬಿಳಿ ಕಾರಿನ ಹತ್ತಿರ ಕರೆದೊಯ್ದ.

"ಆ ಬೂದು ಕಾರು?" ಎಂದ ಮೂಗಣ್ಣ.

"ಅದಕ್ಕೆ ಬೇರೆಯವರು ಮಾತಾಡಿಯಾಗಿದೆಯಪ್ಪ."

ಬಿಳಿ ಕಾರಿಗೆ ಹಿಂದಿನ ದಿನವಷ್ಟೇ ಮಂದ ಆಯಿಲ್ ಸುರಿದವನು ಮೂಗಣ್ಣನೇ. ಅವರು ಬರುವ ಸ್ವಲ್ಪ ಮೊದಲು ಮಾಲೀಕನ ಅಪ್ಪಣೆಯಂತೆ ಅದನ್ನು ಬಿಸಿ ಮಾಡಿದ್ದ. ಆದರೆ ಒಂದು ಕೆಲಸ ಬೇಕೆಂದೇ ಬಿಟ್ಟಿದ್ದ. ಸೈಲೆನ್ಸರಿನ ಬಾಯಿ ಒರೆಸಿರಲಿಲ್ಲ. ತಂಗಿಯ ಗಂಡ ಅಲ್ಲಿ ಬೆರಳಾಡಿಸಲಿ, ಜಿಡ್ಡು ನೋಡಲಿ, ಒಂದು ಪ್ರಶ್ನೆ ಕೇಳಲಿ ಎಂದು.

ಆತ ಬೆರಳಾಡಿಸಿದ. ಬೆರಳು ಕಪ್ಪಾಯಿತು. "ಏನ್ ಭಾವ, ಇಷ್ಟು ಒರೆಸೋಕೂ ಸೋಮಾರಿತನವಾ?" ಎಂದು ನಗುತ್ತ ಮೂಗಣ್ಣನ ಹೆಗಲ ಮೇಲಿದ್ದ ಬಟ್ಟೆಗೇ ಕೈ ಒರೆಸಿಕೊಂಡ. ಬಾನೆಟ್ ಮುಟ್ಟಿ ನೋಡಿ ಖುಷಿಯಾದ. "ಬೆಚ್ಚಗಿದೆ ಕಣೇ! ನಿಂತು ತುಕ್ಕು ಹಿಡಿದ ಗಾಡಿ ಅಲ್ಲ ಇದು, ಓಡ್ತಾ ಇರೋದು."

ಸ್ಟಾರ್ಟ್ ಮಾಡಿದರೆ ಹೊಗೆಯ ಸುಳಿವೇ ಇಲ್ಲ. ಮಾಲೀಕ ಮೂಗಣ್ಣನ ಬೆನ್ನ ಮೇಲೆ ಕೈಯಿಟ್ಟ. "ನನ್ನ ಮಾತು ಯಾಕೆ ನಂಬ್ತೀರಿ? ಇವನನ್ನೇ ಕೇಳಿ. ಹೇಳಪ್ಪ ಮೂಗಣ್ಣ, ಇಂಜಿನ್ ಹೇಗಿದೆ?"

ಎಲ್ಲರೂ ಅವನನ್ನೇ ನೋಡಿದರು. ಅತ್ತ ಮಾಲೀಕನ ಮನೆಯ ಹಿತ್ತಲಲ್ಲಿ ಹೆಂಡತಿ ಪಾತ್ರೆ ಬೋರಲು ಹಾಕುವ ಸದ್ದು ಕೇಳುತ್ತಿತ್ತು.

"ಸ್ಟಾರ್ಟ್ ಆಗುತ್ತೆ" ಎಂದ ಮೂಗಣ್ಣ.

ಮಾಲೀಕ ಹೊಟ್ಟೆ ಕುಣಿಸಿ ನಕ್ಕ. "ನೋಡಿದ್ರಾ! ಮಾತು ಕಮ್ಮಿ, ಮೂಗು ಚುರುಕು."

"ಅಣ್ಣ ಹೂಂ ಅಂದ್ರೆ ಸಾಕು ನಮಗೆ" ಎಂದಳು ತಂಗಿ. "ಹೂಂ ಅನ್ನೋ ಅಣ್ಣ."

ಮೂಗಣ್ಣ ಹೂಂ ಅಂದ.

ಮಂದ ಆಯಿಲಿನ ಆಟ ಎಷ್ಟು ದಿನ? ನೀರಾಗುತ್ತ ಬಂದಂತೆ ಬಿಳಿ ಕಾರು ನೀಲಿ ಹೊಗೆ ಉಗುಳತೊಡಗಿತು. ಹತ್ತಿದವರು ಮೂಗು ಮುಚ್ಚಿಕೊಂಡು ಅರ್ಧ ದಾರಿಯಲ್ಲೇ ಇಳಿದರು. ಸ್ಟೇಷನ್ ಮುಂದಿನ ಉಳಿದ ಡ್ರೈವರುಗಳು ಅದಕ್ಕೆ 'ಸೊಳ್ಳೆ ಓಡಿಸೋ ಗಾಡಿ' ಎಂದು ಹೆಸರಿಟ್ಟರು. ಕೊನೆಗೆ ಅದು ಮನೆಯ ಮುಂದೆಯೇ ನಿಂತಿತು.

ಒಂದು ಬೆಳಗ್ಗೆ ತಂಗಿ ನಡೆದುಕೊಂಡೇ ಅಂಗಳಕ್ಕೆ ಬಂದಳು. ಮಾಲೀಕನನ್ನು ಕೇಳಿದಳು. ಆತ ಟೀ ತರಿಸಿದ. "ಗೇಟ್ ದಾಟಿದ ಗಾಡಿಗೆ ನಾನೇನು ಮಾಡ್ಲಮ್ಮ? ನೀವೇ ನೋಡಿ ತಗೊಂಡ್ರಿ. ನಿಮ್ಮಣ್ಣನೇ ಹೂಂ ಅಂದ."

ಟೀ ಮುಟ್ಟದೆ ಅವಳು ಶೆಡ್ಡಿನ ಹಿಂದಕ್ಕೆ ಬಂದಳು. ಮೂಗಣ್ಣ ತಲೆ ಎತ್ತಲಿಲ್ಲ.

"ಗಾಡಿ ಏನ್ ಮಾಡೋದಣ್ಣ ಈಗ?"

"ಇಂಜಿನ್ ಬಿಚ್ಚಬೇಕು. ಬಿಚ್ಚಿದ್ರೆ ಗಾಡಿಗೆ ಕೊಟ್ಟಷ್ಟೇ ಅದಕ್ಕೂ ಬೇಕು."

"ಅವತ್ತೇ ಗೊತ್ತಿತ್ತಾ ನಿಂಗೆ?"

ಅವನು ಕೈಗೆ ಮೆತ್ತಿದ್ದ ಆಯಿಲನ್ನು ಒರೆಸಿಕೊಳ್ಳತೊಡಗಿದ. ಅವಳು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಎಲ್ಲರೂ ನಿನ್ನ ಮೂಗಣ್ಣ ಅಂತಾರಲ್ಲ" ಎಂದಳು ಮೆಲ್ಲಗೆ, "ಇಷ್ಟು ದಿನ ಅದು ಮೂಗಿಗೆ ಇಟ್ಟ ಹೆಸರು ಅಂದ್ಕೊಂಡಿದ್ದೆ."

ಅಷ್ಟರಲ್ಲಿ ಮುಂದಿನಿಂದ ಮಾಲೀಕನ ಕೂಗು: "ಮೂಗಣ್ಣ! ಪಾರ್ಟಿ ಬರ್ತಿದೆ, ಕೆಂಪು ಗಾಡಿ ಬಿಸಿ ಮಾಡೋ!"

ತಂಗಿ ನೋಡುತ್ತಿದ್ದಂತೆಯೇ ಅವನು ಅಲ್ಲೇ ನಿಂತಿದ್ದ ಕೆಂಪು ಕಾರು ಹತ್ತಿ ಕೂತು ಕೀ ತಿರುಗಿಸಿದ. ಗೋಡೆಗೆ ಗುದ್ದಿದ ನೀಲಿ ಹೊಗೆ ಅವಳ ಸೀರೆಯ ಸುತ್ತ ಏರಿತು. ಅವಳು ಸರಿಯಲಿಲ್ಲ. ಹೊಗೆ ತೆಳುವಾಯಿತು, ಆಮೇಲೆ ಇಲ್ಲವೇ ಇಲ್ಲ ಎಂಬಂತೆ ನಿಂತಿತು. ಅವನು ಇಳಿದು ಸೀಮೆಎಣ್ಣೆ ಬಟ್ಟೆ ತೆಗೆದುಕೊಂಡ.

ಬಂದವರು ನಡುವಯಸ್ಸಿನ ಗಂಡಹೆಂಡತಿ. ಗಂಡಸು ಬಾನೆಟ್ ಮೇಲೆ ಕೈಯಿಟ್ಟು ತಲೆದೂಗಿದ. ಹೆಂಗಸು, ಪಕ್ಕದಲ್ಲಿ ನಿಂತಿದ್ದ ತಂಗಿಯನ್ನು ನೋಡಿ, "ನೀವೂ ಇಲ್ಲೇ ತಗೊಂಡಿದ್ದಾ? ಹೇಗಿದೆ ಗಾಡಿ?" ಎಂದಳು.

ತಂಗಿ ಬಾಯಿ ತೆರೆದಳು. ಅತ್ತಿಗೆ ಪಾತ್ರೆಯ ಬುಟ್ಟಿ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದೆ ಒದ್ದೆ ಗೋಡೆಯ ಕೋಣೆ, ಹಗ್ಗದ ಮೇಲೆ ಅಣ್ಣನ ಅಂಗಿ.

"ಸ್ಟಾರ್ಟ್ ಆಗುತ್ತೆ" ಎಂದಳು ತಂಗಿ.