ಅಂಚಿನಲ್ಲಿ ಗೊಣಗುವ ವೈದ್ಯ

ಐಲಾ ದ್ವೀಪದ ವೈದ್ಯ ಗಿಲ್ಲಿಕಾಲಂ ಗೊಣಗದೆ ಒಂದು ಪುಟವನ್ನೂ ಬರೆದವನಲ್ಲ. ಇಟಲಿಯಲ್ಲಿ ಅಚ್ಚಾಗಿ ಹಡಗಿನಲ್ಲಿ ಬಂದ ಲ್ಯಾಟಿನ್ ವೈದ್ಯಗ್ರಂಥಗಳನ್ನು ತನ್ನ ಗೇಲಿಕ್ ನುಡಿಗೆ ತಂದು ಕರುವಿನ ತೊಗಲಿನ ಹಾಳೆಗೆ ಇಳಿಸುವುದು ಅವನ ಮನೆತನದ ಕಸುಬು. ಹಾಳೆಯ ಅಂಚಿನಲ್ಲಿ ಜಗತ್ತನ್ನೇ ಬೈಯುವುದು ಅವನ ಸ್ವಂತ ಕಸುಬು. ‘ಶಾಯಿ ಬರೀ ನೀರು’, ‘ಬೆರಳು ಮರಗಟ್ಟಿದೆ’, ‘ಈ ಕರು ಬದುಕಿದ್ದಾಗಲೂ ಒರಟೇ ಇದ್ದಿರಬೇಕು’. ಗಂಜಿ ಸೀದ ದಿನವಂತೂ ಪಿತ್ತದ ಅಧ್ಯಾಯದ ನಾಲ್ಕೂ ಕಡೆ ಗಂಜಿಯದೇ ಪುರಾಣ. ಅದನ್ನು ಗಟ್ಟಿಯಾಗಿ ಓದಿ ಕೇಳಿಸುತ್ತಾನೆ ಬೇರೆ. “ನನ್ನ ಅಡುಗೆ ಮಾನ ಪುಸ್ತಕದಲ್ಲಿ ಯಾಕ್ರೀ ಹರಾಜು ಹಾಕ್ತೀರಾ?” ಎಂದು ಹೆಂಡತಿ ಬೇಹಾಗ್ ಸಿಡುಕಿದರೆ, “ಸುಮ್ನಿರೇ, ನೂರು ವರ್ಷ ಆದ್ಮೇಲೆ ಓದೋನಿಗೂ ಗೊತ್ತಾಗ್ಲಿ, ನಾನು ಏನು ತಿಂದ್ಕೊಂಡು ಇಷ್ಟು ಬರೆದೆ ಅಂತ” ಎನ್ನುತ್ತಾನೆ. ಮದ್ದಿನ ವಿಷಯದಲ್ಲಿ ಮಾತ್ರ ಹುಡುಗಾಟವಿಲ್ಲ. ಕೊಟ್ಟ ದಿನ ಮದ್ದಿನ ಪಕ್ಕದಲ್ಲಿ ‘ಕೊಟ್ಟೆ’ ಎಂದು ಬರೆಯುತ್ತಾನೆ. ರೋಗಿ ಎದ್ದು ಕೂತ ದಿನ ಅದರ ಮುಂದೆ ‘ಗುಣವಾಯಿತು’ ಎಂದು ಸೇರಿಸುತ್ತಾನೆ. ಫಲಿಸದಿದ್ದರೆ ಅಡ್ಡಗೆರೆ ಎಳೆದು, ಮದ್ದು ಹೇಳಿದವನ ವಂಶವನ್ನೇ ಜಾಲಾಡುತ್ತಾನೆ. ಬೇಹಾಗ್‌ಗೆ ಓದು ಬಾರದು, ಆದರೂ ಆ ಎರಡು ಪದಗಳ ಆಕಾರ ಅವಳಿಗೆ ಚೆನ್ನಾಗಿ ಗೊತ್ತು. ಗಂಡ ರೋಗಿಗಳ ಮನೆಗೆ ಹೋದಾಗ ಅವಳು ಪುಸ್ತಕ ತೆರೆದು ಜ್ವರದ ಪುಟಕ್ಕೆ ಬರುತ್ತಾಳೆ. ಮಗಳು ಓಯ್ರಿಕ್ ಜ್ವರದಲ್ಲಿ ತೀರಿಕೊಂಡು ಮೂರು ಚಳಿಗಾಲವಾಯಿತು. ಆ ಪುಟದ ಅಂಚಿನಲ್ಲಿ ಶಾಯಿಯ ದೂರಿಲ್ಲ, ಗಂಜಿಯ ಸುದ್ದಿಯಿಲ್ಲ, ಅಡ್ಡಗೆರೆಯೂ ಇಲ್ಲ. ‘ಕೊಟ್ಟೆ’ ಎಂಬ ಪದವೊಂದೇ ಇದೆ. ಅದರ ಮುಂದೆ ಇನ್ನೊಂದು ಪದಕ್ಕೆಂದು ಬಿಟ್ಟ ಜಾಗ ಹಾಗೇ ಇದೆ.