ಹರಳೆಣ್ಣೆ ಕುಡಿದ ಬೆಲ್ಟು

ಹರಳೆಣ್ಣೆಯ ವಾಸನೆ ಬಂದರೆ ಬೇರೆಯವರಿಗೆ ಅಭ್ಯಂಜನ ನೆನಪಾಗಬಹುದು, ನನಗೆ ಕಾರು ನೆನಪಾಗುತ್ತದೆ. ನಗಬೇಡಿ. ಐವತ್ತರ ದಶಕದಲ್ಲಿ ಹರದನಹಳ್ಳಿಯ ನಮ್ಮ ಕೊಟ್ಟಿಗೆಯಲ್ಲಿ, ಎತ್ತುಗಳ ಪಕ್ಕದಲ್ಲೇ, ಅಪ್ಪ ಯಾರಿಂದಲೋ ಕೊಂಡು ತಂದ ಹಳೇ ಕಪ್ಪು ಕಾರು ನಿಂತಿರುತ್ತಿತ್ತು. ಹಿಂಡಿ, ಸಗಣಿ, ಪೆಟ್ರೋಲು ಬೆರೆತ ಆ ವಾಸನೆ ಇನ್ನೆಲ್ಲಿ ಸಿಗಬೇಕು! ಕಾರು ಹೊರಟರೆ ಅದರ ಫ್ಯಾನ್ ಬೆಲ್ಟು ಕಿರ್ರೆಂದು ಕಿರುಚುತ್ತಿತ್ತು. ಬೀದಿಯ ನಾಯಿಗಳೆಲ್ಲ ಎದ್ದು ನಿಲ್ಲುತ್ತಿದ್ದವು.

ಆ ಕಾರನ್ನು ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡವಳು ಅಪ್ಪನ ತಂಗಿ ಗೌರತ್ತೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ಮಗಳು ಮಾದೇವಿಯನ್ನು ಮಾತ್ರ ಬೇಗೂರಿನ ಗಂಡನ ಮನೆಯವರು ಬಿಟ್ಟುಕೊಡಲಿಲ್ಲ. ಹುಣ್ಣಿಮೆಯ ದಿನ ಬಂದು ನೋಡಬಹುದು, ದೀಪ ಹಚ್ಚುವ ಹೊತ್ತಿಗೆ ಮಗು ಒಳಗೆ ಹೋಗಬೇಕು. ಅದು ಆ ಮನೆಯ ಕಟ್ಟಪ್ಪಣೆ. ಹುಣ್ಣಿಮೆಗೊಮ್ಮೆ ಆ ಕಾರೇ ಅವಳನ್ನು ಬೇಗೂರಿಗೆ ಒಯ್ಯುತ್ತಿತ್ತು. ಉಳಿದ ದಿನಗಳನ್ನೆಲ್ಲ ಅತ್ತೆ ಹೇಗೋ ನೂಕುತ್ತಿದ್ದಳು.

ಒಂದು ಹುಣ್ಣಿಮೆಯಂದು ಅಪ್ಪ, ಅತ್ತೆ, ನಾನು ಹೊರಟೆವು. ಮಾದೇವಿಗೆ ಬತ್ತಾಸು ಕೊಳ್ಳಲೆಂದು ಗುಂಡ್ಲುಪೇಟೆಯಲ್ಲಿ ನಿಲ್ಲಿಸಿದ ಕಾರು ಮತ್ತೆ ಹೊರಡಲೇ ಇಲ್ಲ. ಬ್ಯಾಟರಿ ಕೂತುಹೋಗಿತ್ತು. ದಾರಿಹೋಕರು ತಳ್ಳಿ ಎಂಜಿನ್ ಎಬ್ಬಿಸಿದರು. ಆದರೂ ಕರೆಂಟಿನ ಮೀಟರಿನ ಮುಳ್ಳು ಎಡಕ್ಕೇ ಬಿದ್ದುಕೊಂಡಿತ್ತು. ಡೈನಮೊ ಬ್ಯಾಟರಿಗೆ ಏನೂ ತುಂಬುತ್ತಿರಲಿಲ್ಲ. ಅಪ್ಪ ಬ್ಯಾಟರಿಯ ತುದಿಗಳನ್ನು ಕೆರೆದು ಬಿಗಿಮಾಡಿದ, ವೈರುಗಳನ್ನು ಎಳೆದು ನೋಡಿದ. ಬಿಸಿಲು ಇಳಿಯುತ್ತಿತ್ತು. ಅತ್ತೆ ಬತ್ತಾಸಿನ ಪೊಟ್ಟಣ ಹಿಡಿದುಕೊಂಡು ಬೇಗೂರಿನ ದಾರಿಯನ್ನೇ ನೋಡುತ್ತಿದ್ದಳು. ಕೊನೆಗೆ ಎಂಜಿನ್ ನಿಲ್ಲಿಸಿ ಬೆಲ್ಟು ಮುಟ್ಟಿದ ಅಪ್ಪ, ಬೆರಳು ಮೂಸಿ ಬೆಚ್ಚಿದ.

“ಎಣ್ಣೆ ಯಾರ್ಲಾ ಆಕಿದ್ದು?”

“ನಾನೇ ಕಣಣ್ಣ. ಪಾಪ, ಒಂದೇ ಸಮ ಕಿರುಚ್ಕತಿತ್ತು. ಅದ್ಕೇ ಮೊನ್ನೆ ಆಕ್ಬುಟ್ಟೆ.”

“ಗಾಡಿ ಅಚ್ಚಲ್ಲ ಕಣಮ್ಮಿ ಇದು! ಬೆಲ್ಟು ಜಾರ್ತಾ ಇದ್ರೆ ಡೈನಮೊ ಎಂಗೆ ತಿರುಗದು?”

ಕಿರುಚುವ ಗಾಲಿಗೆ ಹರಳೆಣ್ಣೆ ಬಿಡುವ ಮನೆಯಲ್ಲಿ ಬೆಳೆದವಳಿಗೆ ಇನ್ನೇನು ತೋಚಬೇಕಿತ್ತು? ಅಪ್ಪ ಬಟ್ಟೆಯಲ್ಲಿ ಎಷ್ಟು ಒರೆಸಿದರೂ ಜಿಡ್ಡು ಹೋಗಲಿಲ್ಲ. ಆಗ ಅತ್ತೆ ಸಂಚಿಯಿಂದ ತನ್ನ ಪೂಜೆಯ ವಿಭೂತಿ ಗಟ್ಟಿಯನ್ನು ತೆಗೆದು, ಕಣ್ಣಿಗೊತ್ತಿಕೊಂಡು ಚಾಚಿದಳು. “ಬೂದಿ ತಾನೆ, ಎಣ್ಣೆ ಈರ್ಕತದೆ. ಶಿವ ಏನೂ ಅನ್ಕಳಕಿಲ್ಲ, ಉಜ್ಜಣ್ಣ.” ಅಪ್ಪ ಅದನ್ನು ಬೆಲ್ಟಿನ ಉದ್ದಕ್ಕೂ ಉಜ್ಜಿ ಒರೆಸಿದ. ಮತ್ತೆ ತಳ್ಳಿಸಿದಾಗ ಕಾರು ಕಿರ್ರೆಂದಿತು, ಮುಳ್ಳು ಬಲಕ್ಕೆ ಸರಿಯಿತು.

ಬೇಗೂರು ಮುಟ್ಟುವಾಗ ಮನೆಗಳಲ್ಲಿ ದೀಪ ಹತ್ತುತ್ತಿದ್ದವು. ಬೀದಿಯ ತುದಿಯಲ್ಲಿ ನಾವು ಇನ್ನೂ ತಿರುಗುತ್ತಿದ್ದಂತೆಯೇ ಬೆಲ್ಟಿನ ಕಿರುಚಾಟ ಕೇಳಿ ಮಾದೇವಿ ಆ ಮನೆಯ ಅಜ್ಜಿಯ ಕೈ ಕೊಸರಿಕೊಂಡು ಓಡಿಬಂದಳು.

“ಇಷ್ಟೊತ್ತಾದ್ರೂ ಸದ್ದೇ ಕೇಳ್ನಿಲ್ವಲ್ಲವ್ವ, ನೀ ಬರಾಕಿಲ್ಲ ಅನ್ಕಂಡೆ!”

ತಾನು ಎಣ್ಣೆ ಹಾಕಿ ಅಡಗಿಸಿದ್ದು ಏನನ್ನು ಎಂದು ಅತ್ತೆಗೆ ಆಗ ತಿಳಿಯಿತು. ಮಗಳನ್ನು ತಬ್ಬಿಕೊಂಡು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟಳು. ಅಜ್ಜಿ ಅಂದು ದೀಪ ಹಚ್ಚಲು ಸ್ವಲ್ಪ ತಡಮಾಡಿದರು. ಆಮೇಲೆ ಅಪ್ಪ ಹೊಸ ಬೆಲ್ಟು ತರುತ್ತೇನೆಂದಾಗಲೆಲ್ಲ ಅತ್ತೆಯದು ಒಂದೇ ಮಾತು: “ಬ್ಯಾಡ, ಕಿರುಚ್ಕಳ್ಳಿ ಬುಡು.”

ಈಗ ಆ ಕೊಟ್ಟಿಗೆಯಿಲ್ಲ, ಕಾರಿಲ್ಲ, ಅಪ್ಪನೂ ಅತ್ತೆಯೂ ಇಲ್ಲ. ಮಾದೇವಿ ಮೊಮ್ಮಕ್ಕಳನ್ನು ಕಂಡಿದ್ದಾಳೆ. ಮೊನ್ನೆ ನಮ್ಮ ಮನೆಗೆ ಬಂದಿದ್ದಳು. ಬೀದಿಯಲ್ಲಿ ಯಾವುದೋ ಹಳೇ ಟೆಂಪೋ ಕಿರ್ರೆನ್ನುತ್ತ ಹೋಯಿತು. ಮಾತನ್ನು ಅರ್ಧಕ್ಕೇ ಬಿಟ್ಟು ಎದ್ದವಳು ಬಾಗಿಲಿಗೆ ಹೋಗಿ ನಿಂತಳು.